ಅಪ್‌ಡೇಟ್: ಮಳೆಗಾಲದ ತಲೆಹೊಟ್ಟು, ತುರಿಕೆ ಕಡಿಮೆಯಾಯ್ತು

ತೀರ್ಥಹಳ್ಳಿ ಕಡೆ ಮಳೆ ಹಿಡಿದ ಮೇಲೆ ತಲೆಹೊಟ್ಟು, ತುರಿಕೆ ಜಾಸ್ತಿ, ಏನು ಮಾಡಲಿ ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೆಲಸ ಮಾಡಿದ್ದು ಶೇ. 2ರ ಕೀಟೊಕೊನಜೋಲ್ (ಶಿಲೀಂಧ್ರ ತಡೆಯೋ ಔಷಧಿ) ಇರುವ ಶ್ಯಾಂಪೂ. ಅದನ್ನು ಹೇಳಿದವರು ಇನ್ನೊಂದು ಮಾತನ್ನೂ ಸೇರಿಸಿದ್ದರು: ನೊರೆ ಬಂದ ಕೂಡಲೇ ತೊಳೆಯಬೇಡಿ, 3ರಿಂದ 5 ನಿಮಿಷ ಬಿಡಿ. ಗುಟ್ಟು ಇರೋದೇ ಅಲ್ಲಿ. ಔಷಧಿ ಕೂದಲಿಗಲ್ಲ, ಬುಡದ ಚರ್ಮಕ್ಕೆ ತಾಗಬೇಕು. ಒದ್ದೆ ತಲೆಯಲ್ಲಿ ಬೈತಲೆ ಬೈತಲೆಯಾಗಿ ಬಿಡಿಸಿ, ಬೆರಳ ತುದಿಯಿಂದ ಹಚ್ಚಿ, ಉಗುರು ತಾಗಿಸಬೇಡಿ. ವಾರಕ್ಕೆ ಎರಡು ಸಲ, 2ರಿಂದ 4 ವಾರ. ಹೊಟ್ಟು ಹೋದ ಮೇಲೂ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಹಾಕಿದರೆ ಮತ್ತೆ ಬರೋದು ಕಡಿಮೆ.

ಲಿಂಬೆರಸ ಬೇಡವೇ ಬೇಡ, ಕೆರೆದ ಜಾಗದಲ್ಲಿ ಉರಿ ತಡೆಯೋಕಾಗಲ್ಲ. ರಾತ್ರಿಯಿಡೀ ಕೊಬ್ಬರಿ ಎಣ್ಣೆ ಬಿಟ್ಟರೆ ಹೊಟ್ಟು ಅಂಟಿಕೊಂಡು ಕಾಣಿಸಲ್ಲ ಅಷ್ಟೇ, ಹೋಗಲ್ಲ. ಹೊಟ್ಟಿಗೆ ಕಾರಣವಾದ ಮಲಸೇಜಿಯಾ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ ಅನ್ನೋದು ನನಗೆ ಹೊಸ ವಿಷಯ!

ದಾಸವಾಳ ಸೊಪ್ಪಿನ ಗೊಂಪು (ಲೋಳೆ) ಹೊಟ್ಟಿಗೆ ಉಪಯೋಗವಾಗಲಿಲ್ಲ. ಆದರೆ ಈ ಶ್ಯಾಂಪೂಗೆ ಕೂದಲು ಒರಟಾಗುತ್ತಲ್ಲ, ಅದಕ್ಕೆ ತುಂಬಾ ಒಳ್ಳೇದು. ಒಂದು ಹಿಡಿ ಸೊಪ್ಪು ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ ಹಚ್ಚಿ ತೊಳೆಯಿರಿ. ಸೋಸದಿದ್ದರೆ ಎಲೆಚೂರು ಬಾಚಣಿಗೆಗೂ ಬರಲ್ಲ.

ಇನ್ನೊಂದು, ಈ ಥಂಡಿಯಲ್ಲಿ ಒದ್ದೆ ಕೂದಲಿಗೆ ಜಡೆ ಹಾಕಬೇಡಿ, ಬುಡ ಸಂಜೆಯಾದರೂ ಆರಲ್ಲ. ನಾಲ್ಕು ವಾರಕ್ಕೂ ಜಗ್ಗದಿದ್ದರೆ, ಕೆಂಪು ದಪ್ಪ ಪೊರೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಅದು ಸೋರಿಯಾಸಿಸ್ ಅನ್ನೋ ಚರ್ಮರೋಗ ಕೂಡ ಇರಬಹುದು.