ಶಿರಸಿಯಲ್ಲಿ ಕೂತು ಎಸ್ಟೋನಿಯಾದಲ್ಲಿ ಕಂಪನಿ: ಲಾಭ ಇದೆಯಾ?

ಶಿರಸಿ_ಕೋಡ್: ನಮ್ಮದು ಮೂರು ಜನರ ಸಾಫ್ಟ್‌ವೇರ್ ತಂಡ, ಗ್ರಾಹಕರು ಜರ್ಮನಿ, ಫಿನ್‌ಲೆಂಡಿನವರು. ಎಸ್ಟೋನಿಯಾದ ಇ-ರೆಸಿಡೆನ್ಸಿ (ಹೊರದೇಶದವರಿಗೆ ಕೊಡೋ ಡಿಜಿಟಲ್ ಗುರುತಿನ ಕಾರ್ಡ್) ತಗೊಂಡು ಅಲ್ಲೇ ಕಂಪನಿ ಮಾಡಿದರೆ ತೆರಿಗೆ ಸೊನ್ನೆ ಅಂತಾರೆ, ನಿಜವಾ? ಖರ್ಚೆಷ್ಟು? ಅಷ್ಟು ಪುಟ್ಟ ದೇಶದಲ್ಲಿ ಇಷ್ಟೊಂದು ಕಂಪನಿ ಹುಟ್ಟೋದು ಹೇಗೆ?

ಬಾಲ್ಟಿಕ್_ಭಟ್: ಕೊನೆಯ ಪ್ರಶ್ನೆ ಮೊದಲು. ಎಸ್ಟೋನಿಯಾದ ಜನಸಂಖ್ಯೆ 13 ಲಕ್ಷ ಚಿಲ್ಲರೆ. 2011ರ ಜನಗಣತಿಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದೇ 14.37 ಲಕ್ಷ. ಊರಿನ ಗಿರಾಕಿಯನ್ನೇ ನಂಬಿದರೆ ಹೊಟ್ಟೆ ತುಂಬಲ್ಲ, ಹಾಗಾಗಿ ಮೊದಲ ದಿನದಿಂದಲೇ ಹೊರದೇಶಕ್ಕೆ ಮಾರೋದು. 1996ರಲ್ಲಿ ‘ಹುಲಿ ಜಿಗಿತ’ ಅನ್ನೋ ಯೋಜನೆ ಶಾಲೆಗಳಿಗೆ ಕಂಪ್ಯೂಟರ್, ಇಂಟರ್ನೆಟ್ ಮುಟ್ಟಿಸಿತು. 2001ರಲ್ಲಿ ಎಕ್ಸ್-ರೋಡ್ ಬಂದು ಸರ್ಕಾರಿ ಇಲಾಖೆಗಳ ಮಾಹಿತಿ ಒಂದಕ್ಕೊಂದು ಜೋಡಣೆಯಾಯ್ತು. ಇವೆಲ್ಲಕ್ಕಿಂತ ದೊಡ್ಡದು ಇಂಟರ್ನೆಟ್ ಕರೆಯ ಸ್ಕೈಪ್ ಅಂತ ನನ್ನ ಲೆಕ್ಕ. 2003ರಲ್ಲಿ ಅದರ ತಂತ್ರಾಂಶ ಬರೆದವರು ರಾಜಧಾನಿ ತಾಲಿನ್‌ನವರು, 2005ರಲ್ಲಿ ಅಮೆರಿಕದ ಇಬೇ ಕಂಪನಿ ಅದನ್ನು ಸುಮಾರು 260 ಕೋಟಿ ಡಾಲರಿಗೆ ಕೊಂಡಿತು. ಆ ದುಡ್ಡು, ಆ ಅನುಭವ ಎರಡೂ ಮುಂದಿನ ಕಂಪನಿಗಳಿಗೆ ಹರಿದವು. ಹೊರದೇಶಕ್ಕೆ ಹಣ ಕಳಿಸೋ ಕಂಪನಿ ವೈಸ್ ಕಟ್ಟಿದ ಇಬ್ಬರಲ್ಲಿ ತಾವೆಟ್ ಹಿನ್ರಿಕುಸ್ ಸ್ಕೈಪ್‌ನ ಮೊದಲ ನೌಕರ. ಹಾಗಂತ ಅಲ್ಲಿ ಎಲ್ಲ ಅಗ್ಗ ಅಲ್ಲ: ಒಬ್ಬ ನೌಕರನನ್ನಿಟ್ಟರೆ ಸಂಬಳದ ಮೇಲೆ 33% ಸಾಮಾಜಿಕ ತೆರಿಗೆ ಮಾಲೀಕನ ತಲೆ ಮೇಲೆ.

ಓಯು_ಕೈಪಿಡಿ: ಹಂತಗಳು ಹೀಗೆ. ಆನ್‌ಲೈನ್ ಅರ್ಜಿ, ಎಸ್ಟೋನಿಯಾ ಪೊಲೀಸ್ ಇಲಾಖೆಯ ಪರಿಶೀಲನೆ, ಆಮೇಲೆ ದೆಹಲಿಯ ಅವರ ರಾಯಭಾರ ಕಚೇರಿಗೆ ಖುದ್ದು ಹೋಗಿ ಬೆರಳಚ್ಚು ಕೊಟ್ಟು ಕಾರ್ಡ್ ತರಬೇಕು. ಕಂಪನಿ ನೋಂದಣಿ ಶುಲ್ಕ 265 ಯೂರೊ. 2023ರ ಫೆಬ್ರವರಿಯಿಂದ 2,500 ಯೂರೊ ಬಂಡವಾಳದ ನಿಯಮ ಹೋಗಿದೆ, ಒಂದು ಸೆಂಟ್ ಇದ್ದರೂ ಸಾಕು. ನಿರ್ದೇಶಕರು ಹೊರದೇಶದಲ್ಲಿದ್ದರೆ ಎಸ್ಟೋನಿಯಾದ ವಿಳಾಸ, ಸರ್ಕಾರಿ ಪತ್ರ ತಗೊಳ್ಳೋಕೆ ಅಲ್ಲಿ ಒಬ್ಬ ಸಂಪರ್ಕ ವ್ಯಕ್ತಿ ಬೇಕು. ಅದಕ್ಕೆ ವರ್ಷ ವರ್ಷ ದುಡ್ಡು. ವಾರ್ಷಿಕ ವರದಿ ಲೆಕ್ಕವರ್ಷ ಮುಗಿದು 6 ತಿಂಗಳೊಳಗೆ. ವ್ಯವಹಾರ ಸೊನ್ನೆಯಿದ್ದರೂ ಕೊಡಲೇಬೇಕು, ಬಿಟ್ಟರೆ ದಂಡ, ಕೊನೆಗೆ ಹೆಸರೇ ಅಳಿಸಿ ಹಾಕ್ತಾರೆ.

ಎಲ್ಲರೂ ಎಡವೋದು ಬ್ಯಾಂಕಿನಲ್ಲಿ. ಡೆನ್ಮಾರ್ಕಿನ ಡಾನ್ಸ್ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯ ಹಣ ಅಕ್ರಮ ವರ್ಗಾವಣೆ ಹಗರಣ ಆದಮೇಲೆ ಅಲ್ಲಿನ ಬ್ಯಾಂಕುಗಳು ಹೊರಗಿನವರಿಗೆ ಖಾತೆ ಕೊಡಲು ಹಿಂದೆ ಮುಂದೆ ನೋಡ್ತವೆ. ಕಾರ್ಡ್ ಇದ್ದರೆ ಖಾತೆ ಸಿಗುತ್ತೆ ಅಂತ ಖಾತ್ರಿಯಿಲ್ಲ. ಕಾರ್ಡಿನಿಂದ ವೀಸಾನೂ ಇಲ್ಲ.

ಕುಮಟಾ_ಲೆಕ್ಕಿಗ: ‘ತೆರಿಗೆ ಸೊನ್ನೆ’ ಅರ್ಧ ಸತ್ಯ. ಕಂಪನಿಯಲ್ಲೇ ಉಳಿಸಿದ ಲಾಭಕ್ಕೆ ಮಾತ್ರ ಸೊನ್ನೆ. ಷೇರುದಾರರಿಗೆ ಹಂಚಿದರೆ 2025ರಿಂದ 22/78, ಅಂದರೆ 78 ಯೂರೊ ಕೈಗೆ ಬರಬೇಕಾದರೆ 22 ಯೂರೊ ಅಲ್ಲಿ ಕಟ್ಟಬೇಕು. ಆ 78 ನಿಮ್ಮ ಭಾರತದ ರಿಟರ್ನಿನಲ್ಲಿ ಆದಾಯವೇ.

ಇನ್ನೂ ದೊಡ್ಡ ತೊಡಕು ಬೇರೆ. ವಹಿವಾಟು 50 ಕೋಟಿಯೊಳಗಿದ್ದರೆ ‘ಆಡಳಿತ ನಡೆಯುವ ಜಾಗ’ದ ನಿಯಮ (ಭಾರತದಿಂದಲೇ ನಡೆಸೋ ವಿದೇಶಿ ಕಂಪನಿಯನ್ನು ಇಲ್ಲಿನದೇ ಅಂತ ಲೆಕ್ಕ ಹಿಡಿಯೋದು) ತಾಗಲ್ಲ ಅಂತ 2017ರ ಸುತ್ತೋಲೆ ಇದೆ, ಅದನ್ನು ತೋರಿಸಿ ಏಜೆಂಟರು ಧೈರ್ಯ ಹೇಳ್ತಾರೆ. ಆದರೆ ಕೋಡ್ ಬರೆಯೋದು, ಒಪ್ಪಂದ ಮಾಡೋದು ಎಲ್ಲ ಶಿರಸಿಯಲ್ಲೇ ಆದರೆ ಆ ಕಂಪನಿಗೆ ಇಲ್ಲಿ ಕಾಯಂ ನೆಲೆ (ತೆರಿಗೆ ತಾಗುವ ವ್ಯವಹಾರದ ಜಾಗ) ಇದೆ ಅಂತ ಇಲಾಖೆ ಹಿಡೀಬಹುದು. ಆಗ ಆ ಪಾಲಿನ ಲಾಭಕ್ಕೆ ವಿದೇಶಿ ಕಂಪನಿಯ ದರ, ಮೂಲ 35%. ಇಲ್ಲಿನ ಪ್ರೈವೇಟ್ ಲಿಮಿಟೆಡ್‌ಗೆ ಆಯ್ಕೆಯ ದರ 22%, ಸರ್ಚಾರ್ಜ್ ಸೆಸ್ ಸೇರಿ ಸುಮಾರು 25.17%. ಉಳಿತಾಯಕ್ಕೆ ಹೋಗಿ ಜಾಸ್ತಿ ಕಟ್ಟಿದ ಹಾಗಾಯ್ತು.

ಷೇರು ಒಂದು ಸೆಂಟಿನದ್ದಾದರೂ ಅದು ವಿದೇಶಿ ಹೂಡಿಕೆ. ದುಡ್ಡು ಕಳಿಸೋ ಮೊದಲು ಬ್ಯಾಂಕಿನಲ್ಲಿ ಫಾರ್ಮ್ ಎಫ್‌ಸಿ ಕೊಟ್ಟು ಆ ಹೂಡಿಕೆಯ ಗುರುತಿನ ಸಂಖ್ಯೆ (ಯುಐಎನ್) ಪಡೀಬೇಕು, ರಿಟರ್ನಿನಲ್ಲಿ ವಿದೇಶಿ ಆಸ್ತಿ ತೋರಿಸೋ ಶೆಡ್ಯೂಲ್ ಎಫ್‌ಎ ತುಂಬಬೇಕು. ಬ್ಯಾಂಕ್ ಕಾರ್ಡಿನಿಂದ ನೇರ ಕಟ್ಟಿಬಿಟ್ಟು ಆಮೇಲೆ ಬ್ಯಾಂಕಿಗೆ ಓಡಿದರೆ ತಡ ಸಲ್ಲಿಕೆ ಶುಲ್ಕ ಬೀಳುತ್ತೆ.

ಶಿರಸಿ_ಕೋಡ್: ಇಲ್ಲಿನ ಕಂಪನಿಯಿಂದಲೇ ಬಿಲ್ ಮಾಡಿದರೆ ಜರ್ಮನ್ ಗ್ರಾಹಕ ವ್ಯಾಟ್ (ಅಲ್ಲಿನ ಜಿಎಸ್‌ಟಿ ಥರದ ತೆರಿಗೆ) ನಂಬರ್ ಕೇಳ್ತಾನಲ್ಲ, ಅದಕ್ಕೇನು ಮಾಡೋದು?

ಕುಮಟಾ_ಲೆಕ್ಕಿಗ: ಅವನು ಕಂಪನಿಯಾದರೆ ರಿವರ್ಸ್ ಚಾರ್ಜ್, ವ್ಯಾಟ್ ಲೆಕ್ಕ ಅವನೇ ತೋರಿಸ್ತಾನೆ. ನಿಮ್ಮ ಜಿಎಸ್‌ಟಿ ನಂಬರ್, ‘ರಿವರ್ಸ್ ಚಾರ್ಜ್’ ಅನ್ನೋ ಸಾಲು ಇನ್‌ವಾಯ್ಸಿನಲ್ಲಿ ಹಾಕಿ. ಇಲ್ಲಿ ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಪ್ರತಿ ಹಣಕಾಸು ವರ್ಷ ಎಲ್‌ಯುಟಿ (ಮುಚ್ಚಳಿಕೆ ಪತ್ರ) ಹೊಸದಾಗಿ ಕೊಡಿ, ಫಾರ್ಮ್ ಆರ್‌ಎಫ್‌ಡಿ-11. ಏಪ್ರಿಲ್ ಮೊದಲ ಇನ್‌ವಾಯ್ಸಿಗೆ ಮುಂಚೆಯೇ.