ಮಾಸ್ಫೆಟ್ ಪದೇ ಪದೇ ಹೋಗುತ್ತಿದೆ: ಗೇಟ್ ರೆಸಿಸ್ಟರ್ ಬದಲಿಸಬೇಕಾ?

ಮಲ್ಪೆ_ರಿಪೇರಿ:
ಬಂದರಿನ ಹತ್ತಿರ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಉಂಟು. ಒಂದು ಐಸ್ ಪ್ಲಾಂಟಿನ ಸಿಸಿಟಿವಿಯ ಎಸ್‌ಎಂಪಿಎಸ್ (ಮೈನ್ಸ್ ಎಸಿಯನ್ನು ಡಿಸಿ ಮಾಡುವ ಪವರ್ ಸಪ್ಲೈ) ಬಂದಿದೆ. 12 ವೋಲ್ಟ್, 10 ಆಂಪಿಯರ್. ನಿಯಂತ್ರಿಸುವ ಐಸಿ ಯುಸಿ3842, ಅದು ಆನ್-ಆಫ್ ಮಾಡುವ ಸ್ವಿಚ್, ಅಂದರೆ ಮಾಸ್ಫೆಟ್, 7ಎನ್60. ಮಾಸ್ಫೆಟ್ ಶಾರ್ಟ್ ಆಗಿತ್ತು. ಅದರ ಜೊತೆ ಐಸಿ, ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರ್ ಎಲ್ಲ ಹೊಸದು ಹಾಕಿದೆ. ಹಗಲಿಡೀ ಚೆನ್ನಾಗಿ ನಡೆಯಿತು. ಕತ್ತಲಾಗಿ ಕ್ಯಾಮೆರಾಗಳ ಐಆರ್ ಲೈಟ್ ಉರಿದದ್ದೇ ಢಮ್. ಗಟ್ಟಿ ಇರಲಿ ಅಂತ 12ಎನ್60 ಹಾಕಿದರೆ ಇನ್ನೂ ಜಾಸ್ತಿ ಬಿಸಿ, ಅದೂ ಹೋಯಿತು. ಮಾಸ್ಫೆಟ್‌ನ ಗೇಟಿಗೆ (ಆನ್-ಆಫ್ ಸಂಕೇತ ಬರುವ ಕಾಲು) 22 ಓಮ್ ರೆಸಿಸ್ಟರ್ ಇದೆ. 100 ಓಮ್ ಹಾಕಿದರೆ ತಣ್ಣಗಿರುತ್ತದೆ ಅಂತ ಒಬ್ಬರು ಹೇಳುತ್ತಾರೆ. ಹೌದಾ?

ಸುರತ್ಕಲ್_ಹಳಬ:
ಬೇಡ ಮಾರಾಯ್ರೆ, 100 ಹಾಕಬೇಡಿ. ಮಾಸ್ಫೆಟ್ ಪೂರ್ತಿ ಆನ್ ಇದ್ದಾಗ ಬಿಸಿ ಕಡಿಮೆ, ಪೂರ್ತಿ ಆಫ್ ಇದ್ದಾಗ ಬಿಸಿಯೇ ಇಲ್ಲ. ಸುಡುವುದು ಇವೆರಡರ ನಡುವೆ ದಾಟುವಾಗ. ಗೇಟ್ ರೆಸಿಸ್ಟರ್ ಹೆಚ್ಚಿಸಿದರೆ ದಾಟಲಿಕ್ಕೆ ಇನ್ನೂ ಹೊತ್ತು ಬೇಕು. 12ಎನ್60 ಬಿಸಿಯಾಗಲಿಕ್ಕೂ ಅದೇ ಕಾರಣ. ಆಂಪಿಯರ್ ಜಾಸ್ತಿ ಇರುವ ಮಾಸ್ಫೆಟ್‌ಗೆ ಗೇಟ್ ಚಾರ್ಜೂ (ಆನ್ ಮಾಡಲಿಕ್ಕೆ ಗೇಟಿಗೆ ತುಂಬಬೇಕಾದ ಚಾರ್ಜ್) ಜಾಸ್ತಿ, ಹಾಗಾಗಿ ದಾಟುವುದು ನಿಧಾನ. ದೊಡ್ಡದು ಹಾಕಿದರೆ ಬಾಳುತ್ತದೆ ಅನ್ನುವ ಲೆಕ್ಕ ಫ್ಯಾನ್ ರೆಗ್ಯುಲೇಟರಿಗೆ ಸರಿ, ಇಲ್ಲಿ ನಡೆಯುವುದಿಲ್ಲ.

ನೀವು ಹೇಳಿದ ಐಆರ್ ಲೈಟ್ ವಿಷಯವೇ ಮುಖ್ಯ. ಲೋಡ್ ಏರಿದಾಗ ಹೋಗುತ್ತದೆ ಅಂದರೆ ನನಗೆ ಅನುಮಾನ ಕ್ಲಾಂಪ್, ಅಂದರೆ ವೋಲ್ಟೇಜ್ ಸ್ಪೈಕ್ ತಡೆಯುವ ಭಾಗದ ಮೇಲೆ. 230 ವೋಲ್ಟ್ ಎಸಿ ಡಿಸಿ ಆದಾಗ ಸುಮಾರು 325. ಮಾಸ್ಫೆಟ್ ಆಫ್ ಆದಾಗ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯಿಂದ (ಔಟ್‌ಪುಟ್ ಸುತ್ತು) ಪ್ರತಿಫಲಿಸುವ ವೋಲ್ಟೇಜ್ ಅದಕ್ಕೆ ಸೇರುತ್ತದೆ. ಮೇಲಿಂದ ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟೆನ್ಸಿನ (ಸೆಕೆಂಡರಿಗೆ ದಾಟದೆ ಉಳಿಯುವ ಶಕ್ತಿಯ) ಸ್ಪೈಕ್. ಕರೆಂಟ್ ಎರಡು ಪಟ್ಟಾದರೆ ಆ ಸ್ಪೈಕಿನ ಶಕ್ತಿ ನಾಲ್ಕು ಪಟ್ಟು. ಅದನ್ನು ನುಂಗಲಿಕ್ಕೇ ಪ್ರೈಮರಿಗೆ ಡಯೋಡ್, ಕೆಪಾಸಿಟರ್, ರೆಸಿಸ್ಟರ್ ಇಟ್ಟಿರುತ್ತಾರೆ. ಅದು ಕೆಟ್ಟರೆ ಮಾಸ್ಫೆಟ್‌ನ 600 ವೋಲ್ಟ್ ಮಿತಿ ಎಲ್ಲಿ ಸಾಕಾಗುತ್ತದೆ? ಮೂರನ್ನೂ ಬಿಚ್ಚಿ ಅಳೆಯಿರಿ. ದೊಡ್ಡ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿದ ಮೇಲೆಯೇ ಕೈ ಹಾಕಿ.

ಕದ್ರಿ_ಡಿಪ್ಲೊಮಾ:
ಡ್ರೈವ್ (ಐಸಿ ಗೇಟಿಗೆ ಕೊಡುವ ಪಲ್ಸ್) ಸರಿ ಉಂಟಾ ಅಂತ ಮೈನ್ಸ್ ಕೊಡದೆಯೇ ನೋಡಬಹುದು. ಬೆಂಚ್ ಸಪ್ಲೈಯಿಂದ ಐಸಿಯ 7ನೇ ಪಿನ್ನಿಗೆ 18 ವೋಲ್ಟ್ ಕೊಡಿ. 3842 ಶುರುವಾಗಲಿಕ್ಕೆ 16ರ ಹತ್ತಿರ ಬೇಕು, 12 ಕೊಟ್ಟರೆ ಏಳುವುದೇ ಇಲ್ಲ. 8ನೇ ಪಿನ್ನಿನಲ್ಲಿ 5 ವೋಲ್ಟ್, 6ರಲ್ಲಿ ಪಲ್ಸ್ ಬರಬೇಕು. ಸೆನ್ಸ್ ರೆಸಿಸ್ಟರ್ ಎಷ್ಟು ಓಮಿಂದು ಹಾಕಿದಿರಿ? 3ನೇ ಪಿನ್ 1 ವೋಲ್ಟಿಗೆ ಕಟ್ ಮಾಡುತ್ತದೆ. 0.33 ಓಮ್ ಇದ್ದರೆ ಮಿತಿ 3 ಆಂಪಿಯರ್. ಸಿಕ್ಕಿದ್ದನ್ನು ಹಾಕಿ ಅದು 0.1 ಆಗಿದ್ದರೆ ಮಿತಿ 10ಕ್ಕೆ ಹೋಯಿತು!

ಮಲ್ಪೆ_ರಿಪೇರಿ:
ಸೆನ್ಸ್ 0.33 ಓಮೇ. ಪಲ್ಸೂ ಸರಿ ಇದೆ. ಕ್ಲಾಂಪ್ ರೆಸಿಸ್ಟರ್ 33 ಕಿಲೋ ಓಮ್, 2 ವಾಟಿಂದು, ಮೀಟರಿನಲ್ಲಿ ಓಪನ್. ಒಂದು ಕಾಲು ಹಸಿರುಗಟ್ಟಿ ತುಂಡಾಗಿದೆ, ಉಪ್ಪು ಗಾಳಿ ಅಲ್ವಾ. ಡಯೋಡ್ 1ಎನ್4007 ಇದೆ, ನನಗಿಂತ ಮುಂಚೆ ಯಾರೋ ಹಾಕಿದ್ದು. ಅಂಗಡಿಯಲ್ಲಿ 68 ಕಿಲೋ ಓಮ್ 1 ವಾಟ್ ಮಾತ್ರ ಇದೆ. ಎರಡು ಪ್ಯಾರಲಲ್ ಹಾಕಲಾ?

ಸುರತ್ಕಲ್_ಹಳಬ:
ಹಾಕಿ, 34 ಆಗುತ್ತದೆ, ಸಾಕು. ಬೋರ್ಡಿಗೆ ಅಂಟಿಸದೆ ಸ್ವಲ್ಪ ಎತ್ತರದಲ್ಲಿ ಬೆಸುಗೆ ಹಾಕಿ. 4007 ನಿಧಾನದ್ದು, ಯುಎಫ್4007 ಹಾಕಿ. ಮಾಸ್ಫೆಟ್ 7ಎನ್60ಯೇ ಇರಲಿ. ಮೊದಲ ಸಲ ಆನ್ ಮಾಡುವಾಗ ಲೋಡ್ ಇಲ್ಲದೆ, 60 ವಾಟಿನ ಹಳೆ ಬಲ್ಬ್ ಸೀರೀಸಲ್ಲಿ ಇಟ್ಟು ಮಾಡಿ. ಒಮ್ಮೆ ಮಿನುಗಿ ಆರಿದರೆ ಸರಿ, ಜೋರಾಗಿ ಉರಿಯುತ್ತಲೇ ಇದ್ದರೆ ಕೂಡಲೇ ಆಫ್ ಮಾಡಿ. ಅದಾದ ಮೇಲೆ ಸೀರೀಸ್ ಬಲ್ಬ್ ತೆಗೆದು, ಔಟ್‌ಪುಟ್ಟಿಗೆ ಕಾರಿನ 55 ವಾಟಿನ ಹೆಡ್‌ಲೈಟ್ ಬಲ್ಬ್ ಒಂದಾದ ಮೇಲೊಂದು ಎರಡು ಪ್ಯಾರಲಲ್ ಕೊಡಿ. 9 ಆಂಪಿಯರ್ ಹತ್ತಿರ ಎಳೆಯುತ್ತದೆ. ಅರ್ಧ ಗಂಟೆ ತಡೆದರೆ ಐಸ್ ಪ್ಲಾಂಟಿನವರಿಗೆ ಫೋನ್ ಮಾಡಿ.