ಟಾಲೆಮಿ, ಆಂಟಿಯೋಕಸ್ ಅರಸರ ಬಿರುದುಗಳು: ಅರಸರು ಧರಿಸಿದವು ಯಾವುವು, ಜನರು ಅಂಟಿಸಿದವು ಯಾವುವು?

ಹೊಸಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಲೆಕ್ಸಾಂಡರನು ಕ್ರಿ.ಪೂ. 323ರಲ್ಲಿ ತೀರಿಕೊಂಡ ಮೇಲೆ ಅವನ ಸೇನಾನಿಗಳು ಹಂಚಿಕೊಂಡ ರಾಜ್ಯಗಳ ಇತಿಹಾಸವನ್ನು ಈಚೆಗೆ ಓದುತ್ತಿದ್ದೇನೆ. ಈಜಿಪ್ಟನ್ನು ಆಳಿದವರೆಲ್ಲ ಟಾಲೆಮಿಗಳು. ಸಿರಿಯಾದ ಸೆಲ್ಯೂಕಸ್ ವಂಶದಲ್ಲಿ ಆಂಟಿಯೋಕಸ್ ಎಂಬ ಹೆಸರಿನವರೇ ಹದಿಮೂರು ಮಂದಿ. ಅವರನ್ನು ಗುರುತಿಸಲು ಕೊಟ್ಟಿರುವ ವಿಶೇಷಣಗಳು ನನಗೆ ಇನ್ನಷ್ಟು ತೊಡಕಾಗಿವೆ. ಒಬ್ಬ 'ಸೋಟೇರ್', ಅಂದರೆ ರಕ್ಷಕ. ಇನ್ನೊಬ್ಬ 'ಯೂಎರ್ಗೆಟೀಸ್', ಅಂದರೆ ಉಪಕಾರಿ. ಅದೇ ವಂಶಾವಳಿಯಲ್ಲಿ ಸ್ವಲ್ಪ ಕೆಳಗೆ ಬಂದರೆ 'ಫಿಸ್ಕೋನ್', ಅಂದರೆ ಡೊಳ್ಳುಹೊಟ್ಟೆಯವನು. 'ಗ್ರಿಪೋಸ್', ಅಂದರೆ ಕೊಕ್ಕೆಮೂಗಿನವನು. 'ಲಾಥಿರೋಸ್' ಎಂಬುದಂತೂ ಒಂದು ಕಾಳಿನ ಹೆಸರು! ಅರಸನು ತಾನೇ ಧರಿಸಿದ ಬಿರುದು ಯಾವುದು, ಜನರು ಇಟ್ಟ ಅಡ್ಡಹೆಸರು ಯಾವುದು ಎಂದು ತಿಳಿಯುವುದು ಹೇಗೆ? ಡೊಳ್ಳುಹೊಟ್ಟೆಯವನೆಂದು ಕರೆದವನ ತಲೆ ಉಳಿಯುತ್ತಿತ್ತೇ? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ನಾಣ್ಯಪ್ರಿಯ

ಒಳ್ಳೆಯ ಪ್ರಶ್ನೆ. ಒಂದು ಸಂಗತಿಯನ್ನು ಮೊದಲೇ ತಿಳಿದುಕೊಂಡರೆ ಅರ್ಧ ತೊಡಕು ಬಿಡುತ್ತದೆ. ಒಂದನೆಯ ಟಾಲೆಮಿ, ಎಂಟನೆಯ ಟಾಲೆಮಿ ಎಂಬ ಎಣಿಕೆ ಆಧುನಿಕ ಇತಿಹಾಸಕಾರರದು. ಆ ಕಾಲದವರು ತಮ್ಮ ಅರಸರನ್ನು ಎಣಿಸುತ್ತಿರಲಿಲ್ಲ. ತಂದೆ, ಮಗ, ಮೊಮ್ಮಗ ಎಲ್ಲರಿಗೂ ಒಂದೇ ಹೆಸರಿದ್ದಾಗ ಯಾವ ಟಾಲೆಮಿ ಎಂದು ಹೇಳುವುದಕ್ಕೆ ವಿಶೇಷಣ ಬೇಕೇ ಬೇಕಾಗಿತ್ತು. ಆ ಅಗತ್ಯವನ್ನು ಅರಮನೆ ಒಂದು ರೀತಿಯಲ್ಲಿ ಪೂರೈಸಿತು, ಬೀದಿ ಇನ್ನೊಂದು ರೀತಿಯಲ್ಲಿ.

ಅರಮನೆಯ ಬಿರುದನ್ನು ಗುರುತಿಸಲು ನಾಣ್ಯ, ಶಾಸನ ಮತ್ತು ಪಪೈರಸ್ ದಾಖಲೆಗಳನ್ನು ನೋಡಬೇಕು. ಉದಾಹರಣೆಗೆ, ನಾಲ್ಕನೆಯ ಆಂಟಿಯೋಕಸನ ಬೆಳ್ಳಿ ನಾಣ್ಯಗಳಲ್ಲಿ 'ಅರಸ ಆಂಟಿಯೋಕಸ್, ಪ್ರಕಟನಾದ ದೇವರು, ಜಯಧಾರಿ' ಎಂಬ ಅರ್ಥದ ಗ್ರೀಕ್ ಬರಹವಿದೆ. 'ಎಪಿಫನೀಸ್', ಅಂದರೆ ಪ್ರಕಟನಾದವನು, ಎಂಬ ಅವನ ಹೆಸರು ಅಲ್ಲಿಂದಲೇ ಬಂದದ್ದು. ಆದರೆ ಆರಂಭದ ಅರಸರಲ್ಲಿ ಈ ರೂಢಿ ಇರಲಿಲ್ಲ. ಮೊದಲ ಟಾಲೆಮಿಯು ತಾನು ಹೊರಡಿಸಿದ ನಾಣ್ಯಗಳಲ್ಲಿ ಬರಿಯ 'ಅರಸ ಟಾಲೆಮಿ'. ಅವನನ್ನು ಸೋಟೇರ್ ಎಂದು ಹೇಳುವ ನಾಣ್ಯಗಳು ಬಂದದ್ದು ಅವನ ಮಗನ ಆಳ್ವಿಕೆಯಲ್ಲಿ.

ಬಿರುದನ್ನು ಯಾವಾಗಲೂ ಅರಸನೇ ಹುಟ್ಟಿಸಿಕೊಳ್ಳುತ್ತಿದ್ದನೆಂದೂ ತಿಳಿಯಬಾರದು. ಹಲವು ಬಾರಿ ಅದು ಒಂದು ನಗರವು ಉಪಕಾರಕ್ಕೆ ಪ್ರತಿಯಾಗಿ ಸಲ್ಲಿಸಿದ ಗೌರವ. ಕ್ರಿ.ಪೂ. 307ರಲ್ಲಿ ಅಥೆನ್ಸಿಗೆ ಸ್ವಾತಂತ್ರ್ಯ ಕೊಡಿಸಿದ, ಅಲೆಕ್ಸಾಂಡರನ ಸೇನಾನಿಗಳಲ್ಲೊಬ್ಬನಾದ ಆಂಟಿಗೊನಸ್ ಮತ್ತು ಅವನ ಮಗ ಡಿಮಿಟ್ರಿಯಸರನ್ನು ಅಥೆನ್ಸಿನವರು 'ರಕ್ಷಕ ದೇವರು'ಗಳೆಂದು ಪೂಜಿಸಿದರು. ಎರಡನೆಯ ಆಂಟಿಯೋಕಸನನ್ನು 'ಥಿಯೋಸ್', ಅಂದರೆ ದೇವರು, ಎಂದು ಮೊದಲು ಕರೆದವರು ಮಿಲೆಟಸ್ ನಗರದವರು, ಏಕೆಂದರೆ ಅವನು ಅವರನ್ನು ಟಿಮಾರ್ಕಸ್ ಎಂಬ ನಿರಂಕುಶನಿಂದ ಬಿಡಿಸಿದ್ದನು ಎಂದು ಇತಿಹಾಸಕಾರ ಅಪ್ಪಿಯನ್ ಬರೆಯುತ್ತಾನೆ. ರೋಡ್ಸ್ ದ್ವೀಪದ ಕಥೆ ಇನ್ನೂ ಸೊಗಸಾಗಿದೆ. ಕ್ರಿ.ಪೂ. 305ರಲ್ಲಿ ಅದೇ ಡಿಮಿಟ್ರಿಯಸ್ ರೋಡ್ಸನ್ನು ಮುತ್ತಿದಾಗ ಮೊದಲ ಟಾಲೆಮಿ ಧಾನ್ಯವನ್ನೂ ಸೈನಿಕರನ್ನೂ ಕಳುಹಿಸಿದನು, ನಗರವು ಉಳಿಯಿತು, ರೋಡ್ಸಿನವರು ಅವನಿಗೆ ಸೋಟೇರ್ ಎಂಬ ಹೆಸರು ಕೊಟ್ಟರು ಎಂದು ಗ್ರೀಕ್ ಪ್ರವಾಸ ಬರಹಗಾರ ಪಾಸೇನಿಯಸ್ ಹೇಳುತ್ತಾನೆ. ಒಂದು ವರ್ಷ ಹೆಣಗಿಯೂ ನಗರವನ್ನು ಗೆಲ್ಲಲಾಗದೆ ಹಿಂತಿರುಗಿದ ಡಿಮಿಟ್ರಿಯಸನಾದರೋ ಇತಿಹಾಸದಲ್ಲಿ 'ಪೋಲಿಯೋರ್ಕೆಟೀಸ್', ಅಂದರೆ ನಗರಗಳನ್ನು ಮುತ್ತುವವನು, ಎಂದೇ ಉಳಿದನು. ಮುತ್ತುವವನು ಎಂದರೇ ಹೊರತು ಗೆಲ್ಲುವವನು ಎನ್ನಲಿಲ್ಲ.

ಈಜಿಪ್ಟಿನಲ್ಲಿ ಈ ಬಿರುದುಗಳಿಗೆ ದಿನನಿತ್ಯದ ಆಡಳಿತದಲ್ಲಿಯೂ ಕೆಲಸವಿತ್ತು. ಅಲೆಕ್ಸಾಂಡ್ರಿಯದಲ್ಲಿ ಅಲೆಕ್ಸಾಂಡರನ ಪೂಜೆಗೆ ವರ್ಷಕ್ಕೊಬ್ಬ ಅರ್ಚಕನಿದ್ದನು; ಎರಡನೆಯ ಟಾಲೆಮಿ ತನ್ನನ್ನೂ ತನ್ನ ಸೋದರಿಯೂ ಪತ್ನಿಯೂ ಆದ ಅರ್ಸಿನೋಯೆಯನ್ನೂ 'ಸೋದರ ದೇವತೆಗಳು' ಎಂದು ಆ ಪೂಜೆಗೆ ಸೇರಿಸಿದನು. ಅನಂತರ 'ಉಪಕಾರಿ ದೇವತೆಗಳು', 'ಪಿತೃಪ್ರಿಯ ದೇವತೆಗಳು' ಎಂದು ಒಂದೊಂದು ರಾಜದಂಪತಿಯೂ ಸೇರುತ್ತ ಹೋಯಿತು. ಕರಾರುಪತ್ರ ಬರೆಯುವವನು ವರ್ಷವನ್ನು ನಮೂದಿಸುವಾಗ ಆ ಅರ್ಚಕನ ಹೆಸರಿನೊಂದಿಗೆ ಈ ಬಿರುದುಗಳ ಸರಣಿಯನ್ನೂ ಬರೆಯಬೇಕಾಗಿತ್ತು. ಹೊಲವನ್ನು ಗೇಣಿಗೆ ಕೊಡುವವನ ಪತ್ರದಲ್ಲಿಯೂ ಹೀಗೆ ರಾಜವಂಶವೆಲ್ಲ ಮೆರವಣಿಗೆ ಹೊರಡುತ್ತಿತ್ತು.

ಮಲೆನಾಡಿಗ

ನಾಣ್ಯಪ್ರಿಯರು ಅರಮನೆಯ ಕಡೆಯನ್ನು ಹೇಳಿದ್ದಾರೆ. ನಾನು ಬೀದಿಯ ಕಡೆಯನ್ನು ಹೇಳುತ್ತೇನೆ.

ಫಿಸ್ಕೋನ್ ಎಂದು ಹೆಸರಾದ ಎಂಟನೆಯ ಟಾಲೆಮಿಯ ಅಧಿಕೃತ ಬಿರುದು ಯೂಎರ್ಗೆಟೀಸ್. ಅಲೆಕ್ಸಾಂಡ್ರಿಯದವರು ಅದನ್ನು ತಿರುಚಿ 'ಕಾಕೆರ್ಗೆಟೀಸ್', ಅಂದರೆ ಅಪಕಾರಿ, ಎಂದು ಮಾಡಿದರು. ಕ್ರಿ.ಪೂ. 140ರ ಆಸುಪಾಸಿನಲ್ಲಿ ರೋಮಿನ ಸಿಪಿಯೋ ಎಮಿಲಿಯಾನಸನು ರಾಯಭಾರಿಯಾಗಿ ಬಂದಾಗ ಈ ಅರಸನು ಅತಿಥಿಯ ಜೊತೆ ಏದುಸಿರು ಬಿಡುತ್ತ ನಡೆಯಬೇಕಾಯಿತಂತೆ. ನಾವು ಬಂದದ್ದರಿಂದ ಅಲೆಕ್ಸಾಂಡ್ರಿಯದವರಿಗೆ ಒಂದು ಲಾಭವಾಯಿತು, ತಮ್ಮ ಅರಸನು ನಡೆಯುವುದನ್ನು ಅವರು ಕಂಡರು ಎಂದು ಸಿಪಿಯೋ ತನ್ನ ಜೊತೆಗಿದ್ದ ತತ್ತ್ವಜ್ಞಾನಿ ಪನೇಟಿಯಸನ ಕಿವಿಯಲ್ಲಿ ಹೇಳಿದ ಪ್ರಸಂಗವನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ದಾಖಲಿಸಿದ್ದಾನೆ.

ಆದರೆ ಇಂಥ ಹೆಸರುಗಳನ್ನು ನಮಗೆ ತಲುಪಿಸಿದವರು ಯಾರೆಂದು ಗಮನಿಸದೆ ನಗುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಎಂಟನೆಯ ಟಾಲೆಮಿ ಅಲೆಕ್ಸಾಂಡ್ರಿಯದ ವಿದ್ವಾಂಸರನ್ನು ಊರು ಬಿಡಿಸಿದ್ದನು. ಹಾಗೆ ಹೊರಟವರು ಹೋದ ಹೋದ ನಗರಗಳಲ್ಲಿ ಪಾಠ ಹೇಳಿಕೊಂಡು ಬದುಕಿದರು. ಬರೆಯಬಲ್ಲವರ ಸಿಟ್ಟಿಗೆ ಗುರಿಯಾದ ಅರಸನ ಹೊಟ್ಟೆ ಇತಿಹಾಸದಲ್ಲಿ ಕರಗುವುದುಂಟೇ? ಅವನೇ ಕ್ರಿ.ಪೂ. 118ರಲ್ಲಿ ಇಬ್ಬರು ರಾಣಿಯರೊಂದಿಗೆ ಹೊರಡಿಸಿದ ಕ್ಷಮಾದಾನದ ಆಜ್ಞೆಯಲ್ಲಿ ತೆರಿಗೆಯ ಬಾಕಿಯನ್ನು ಮನ್ನಾ ಮಾಡಿ, ಅಧಿಕಾರಿಗಳ ಸುಲಿಗೆಗೆ ತಡೆ ಹಾಕಿದ ವಿವರಗಳಿವೆ. ಆದರೂ ಹೆಚ್ಚಿನ ಜನರಿಗೆ ನೆನಪಿರುವುದು ಆ ಹೊಟ್ಟೆಯೊಂದೇ.

ನಾಲ್ಕನೆಯ ಆಂಟಿಯೋಕಸನದೂ ಇಂಥದೇ ಸಂಗತಿ. ಅವನು ಅರಮನೆಯಿಂದ ಸದ್ದಿಲ್ಲದೆ ಹೊರಬಿದ್ದು ಅಕ್ಕಸಾಲಿಗರ ಅಂಗಡಿಗಳಲ್ಲಿ ಹರಟುತ್ತಿದ್ದನು, ಸಾರ್ವಜನಿಕ ಸ್ನಾನಗೃಹಗಳಲ್ಲಿ ಸ್ನಾನ ಮಾಡುತ್ತಿದ್ದನು, ಆದುದರಿಂದ ಎಪಿಫನೀಸ್ ಹೋಗಿ 'ಎಪಿಮನೀಸ್', ಅಂದರೆ ಹುಚ್ಚ, ಆಯಿತು ಎಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಬರೆದಿದ್ದಾನೆ. ಆದರೆ ಈ ಅರಸನು ಕುಳಿತ ಸಿಂಹಾಸನಕ್ಕೆ ನಿಜವಾದ ಹಕ್ಕುದಾರನೆನಿಸಿದ ಡಿಮಿಟ್ರಿಯಸ್, ಅವನ ಅಣ್ಣನ ಮಗ, ರೋಮಿನಲ್ಲಿ ಪೊಲಿಬಿಯಸನ ಸ್ನೇಹಿತನಾಗಿದ್ದನು, ಕ್ರಿ.ಪೂ. 162ರಲ್ಲಿ ಆ ಡಿಮಿಟ್ರಿಯಸ್ ರೋಮಿನಿಂದ ತಪ್ಪಿಸಿಕೊಳ್ಳಲು ನೆರವಾದವನು ಪೊಲಿಬಿಯಸನೇ. ಸಾಕ್ಷಿ ಹೇಳುವವನೇ ಒಂದು ಪಕ್ಷದವನಾಗಿದ್ದನು ಎಂಬುದನ್ನು ಮರೆಯಬಾರದು.

ಎಲ್ಲ ಅಡ್ಡಹೆಸರುಗಳೂ ಬೈಗುಳಗಳಲ್ಲ. ಅಥೆನ್ಸಿನವರು ಪೂಜಿಸಿದ ಆಂಟಿಗೊನಸನು 'ಮೊನೊಫ್ತಾಲ್ಮೋಸ್', ಅಂದರೆ ಒಕ್ಕಣ್ಣನು, ಏಕೆಂದರೆ ಅವನಿಗೆ ಇದ್ದದ್ದೇ ಒಂದು ಕಣ್ಣು. ಏಳನೆಯ ಆಂಟಿಯೋಕಸನು ಸೀಡೆ ಎಂಬ ಊರಿನಲ್ಲಿ ಬೆಳೆದುದರಿಂದ 'ಸಿಡೆಟೀಸ್'. ಎಂಟನೆಯ ಆಂಟಿಯೋಕಸನಾದ ಗ್ರಿಪೋಸನ ನಾಣ್ಯಗಳಲ್ಲಿ ಬರಹವು ಎಪಿಫನೀಸ್ ಎಂದಿದೆ, ಆದರೆ ಮುಖಚಿತ್ರದ ಮೂಗು ಆ ಅಡ್ಡಹೆಸರನ್ನೇ ಸಮರ್ಥಿಸುತ್ತದೆ! ನನಗೆ ಬಹಳ ಹಿಡಿಸಿದ್ದು ಮ್ಯಾಸಿಡೋನಿಯದ ಆಂಟಿಗೊನಸ್ 'ಡೋಸೋನ್', ಅಂದರೆ ಕೊಡಲಿರುವವನು. ಕೊಡುತ್ತೇನೆಂದು ಹೇಳಿ ಎಂದೂ ಕೊಡದವನು ಎಂಬುದು ಪ್ಲುಟಾರ್ಕನ ವಿವರಣೆ.

ಹೊಸಓದುಗ

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಒಂಬತ್ತನೆಯ ಟಾಲೆಮಿಯನ್ನು 'ಫಿಲೊಮೆಟೋರ್', ಅಂದರೆ ಮಾತೃಪ್ರಿಯ, ಎಂದು ಕರೆದದ್ದು ಬರಿಯ ವ್ಯಂಗ್ಯ, ಏಕೆಂದರೆ ತಾಯಿಯಿಂದ ಅಷ್ಟು ದ್ವೇಷಕ್ಕೆ ಗುರಿಯಾದ ಅರಸನು ಇನ್ನೊಬ್ಬನಿಲ್ಲ ಎಂದು ಪಾಸೇನಿಯಸ್ ಹೇಳಿರುವುದಾಗಿ ಓದಿದೆ. ಹಾಗಾದರೆ ಬಿರುದುಗಳಲ್ಲಿಯೂ ವ್ಯಂಗ್ಯವಿರುತ್ತಿತ್ತೇ?

ನಾಣ್ಯಪ್ರಿಯ

ಪಾಸೇನಿಯಸನು ಈ ಅರಸನಿಗಿಂತ ಎರಡೂವರೆ ಶತಮಾನದಷ್ಟು ಈಚಿನವನು. ಇಲ್ಲಿ ಅವನ ಊಹೆ ನಿಲ್ಲುವುದಿಲ್ಲ. ತಾಯಿ ಮೂರನೆಯ ಕ್ಲಿಯೋಪಾತ್ರ ಮತ್ತು ಈ ಮಗ ಕೂಡಿ ಆಳುತ್ತಿದ್ದ ವರ್ಷಗಳ ದಾಖಲೆಗಳಲ್ಲಿ 'ಮಾತೃಪ್ರಿಯ ರಕ್ಷಕ ದೇವತೆಗಳು' ಎಂಬುದು ಇಬ್ಬರಿಗೂ ಸೇರಿದ ಅಧಿಕೃತ ಬಿರುದಾಗಿಯೇ ಬರುತ್ತದೆ. ಮುಂದೆ ಅದೇ ತಾಯಿ ಅವನನ್ನು ಓಡಿಸಿ ಕಿರಿಯ ಮಗನನ್ನು ಪಟ್ಟಕ್ಕೇರಿಸಿದಳು. ಆಗ ಹಳೆಯ ಬಿರುದು ತಾನಾಗಿಯೇ ಗೇಲಿಯಂತೆ ಕೇಳಿಸತೊಡಗಿತು. ವ್ಯಂಗ್ಯವು ಘಟನೆಗಳದು, ಬಿರುದು ಕೊಟ್ಟವರದಲ್ಲ.

ಶಾಸನಾಸಕ್ತ

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಈ ಬಿರುದುಗಳು ನಮ್ಮ ಉಪಖಂಡಕ್ಕೂ ಬಂದಿದ್ದವು ಎಂಬುದನ್ನು ಸೇರಿಸಬೇಕೆನಿಸಿತು. ವಾಯವ್ಯ ಭಾರತವನ್ನು ಆಳಿದ ಮಿನಾಂಡರನ ನಾಣ್ಯಗಳ ಒಂದು ಬದಿಯಲ್ಲಿ ಗ್ರೀಕಿನಲ್ಲಿ ಸೋಟೇರ್ ಎಂದಿದ್ದರೆ ಇನ್ನೊಂದು ಬದಿಯಲ್ಲಿ ಖರೋಷ್ಠಿ ಲಿಪಿಯ ಪ್ರಾಕೃತದಲ್ಲಿ 'ಮಹಾರಾಜಸ ತ್ರಾತಾರಸ ಮೆನಂದ್ರಸ', ಅಂದರೆ ರಕ್ಷಕನಾದ ಮಹಾರಾಜ ಮಿನಾಂಡರನ, ಎಂದಿದೆ. ಮಧ್ಯಪ್ರದೇಶದ ವಿದಿಶೆಯ ಹತ್ತಿರ ಗ್ರೀಕ್ ರಾಯಭಾರಿ ಹೆಲಿಯೋಡೋರಸ್ ನಿಲ್ಲಿಸಿದ ಗರುಡಸ್ತಂಭದಲ್ಲಿ ಈ 'ತ್ರಾತಾರ' ಎಂಬ ಬಿರುದು ಅವನ ಒಡೆಯ ಆಂಟಿಯಾಲ್ಕಿಡಸನಿಗಲ್ಲ, ಸ್ಥಳೀಯ ಅರಸ ಭಾಗಭದ್ರನಿಗೆ ಸಲ್ಲುತ್ತದೆ.

ಅಶೋಕನ ದಾರಿ ಮಾತ್ರ ಬೇರೆ. ಹದಿಮೂರನೆಯ ಶಿಲಾಶಾಸನದಲ್ಲಿ ಅವನು ಅಂತಿಯೋಕ, ತುರಮಾಯ (ಟಾಲೆಮಿ) ಮೊದಲಾದ ಐವರು ಯವನ ಅರಸರನ್ನು ಹೆಸರಿಸುತ್ತಾನೆ; ಆ ಅಂತಿಯೋಕನು ಮಿಲೆಟಸಿನವರು ದೇವರೆಂದ ಎರಡನೆಯ ಆಂಟಿಯೋಕಸನೆಂದೇ ಸಾಮಾನ್ಯವಾಗಿ ಗುರುತಿಸುತ್ತಾರೆ. ಅಶೋಕನು ಅವರಲ್ಲಿ ಯಾರ ಬಿರುದನ್ನೂ ಹೇಳುವುದಿಲ್ಲ. ತನ್ನನ್ನಾದರೋ ಬಹುಪಾಲು ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನಿಂದಲೇ ಕರೆದುಕೊಂಡನು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ ದೊರೆತ ಮೇಲೆಯೇ ದೇವಾನಾಂಪ್ರಿಯನ ನಿಜನಾಮ ಅಶೋಕ ಎಂಬುದು ಅವನದೇ ಶಾಸನದಿಂದ ಖಚಿತವಾಯಿತು.